ಕೈ ಮರಗಟ್ಟುವುದು ಇಳಿಯುವಾಗ: ಚಳಿಗಾಲದ ಸೈಕಲ್ ಸವಾರಿಗೆ ಕಡಿಮೆ ದುಡ್ಡಿನ ಗ್ಲೌಸ್ ಯಾವುದು?

ನಂದಿ ಬೆಟ್ಟ ಹತ್ತುವಾಗ ಯಾರೂ ಚಳಿ ಅನ್ನುವುದಿಲ್ಲ. ಏಳೆಂಟು ಕಿಲೋಮೀಟರ್ ಏರು. ಉಸಿರು ಬಾಯಿಗೆ ಬಂದಿರುತ್ತದೆ, ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿರುತ್ತೇವೆ. ಮೇಲೆ ನಿಂತು ಒಂದು ಫೋಟೊ, ಒಂದು ಬಾಳೆಹಣ್ಣು. ಆಮೇಲೆ ಇಳಿಯಲು ಶುರು. ಮೂರನೇ ತಿರುವು ಬರುವಷ್ಟರಲ್ಲಿ ಬೆರಳು ನಮ್ಮ ಮಾತು ಕೇಳುವುದಿಲ್ಲ.

ಕೆಲವು ವರ್ಷದ ಹಿಂದೆ ಜನವರಿಯ ಒಂದು ಭಾನುವಾರ ಹೀಗೇ ಇಳಿದು ಬಂದು ಟೀ ಅಂಗಡಿ ಮುಂದೆ ನಿಂತೆ. ಹೆಲ್ಮೆಟ್ಟಿನ ಕ್ಲಿಪ್ ಬಿಚ್ಚಲು ಆಗಲಿಲ್ಲ. ಬೆರಳು ಕಟ್ಟಿಗೆ ತುಂಡಿನ ಹಾಗೆ ಸೆಟೆದುಕೊಂಡಿದ್ದವು. ಟೀ ಕೊಡುತ್ತಿದ್ದ ಅಮ್ಮನೇ ಬಂದು ಬಿಚ್ಚಿಕೊಟ್ಟರು. "ಏನಪ್ಪಾ, ಸೈಕಲ್ಲಿಗೆ ಅಷ್ಟು ದುಡ್ಡು ಸುರಿದಿದ್ದೀಯ, ಕೈಗೊಂದು ಗ್ಲೌಸ್ ಬೇಡ್ವಾ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಅಲ್ಲಿಂದೀಚೆಗೆ ಏಳೆಂಟು ಜೊತೆ ಕೊಂಡಿದ್ದೇನೆ. ಅರ್ಧಕ್ಕರ್ಧ ತಪ್ಪು ಆಯ್ಕೆ.

ಈ ಸಲ ಚಳಿ ಶುರುವಾಗುತ್ತಿದ್ದ ಹಾಗೆ ಮೂರು ಜನ ಇದೇ ಪ್ರಶ್ನೆ ಕೇಳಿದರು. ಒಬ್ಬರು ನನ್ನ ಆಫೀಸಿನವರು, ಈಗಷ್ಟೇ ವಾರಕ್ಕೊಮ್ಮೆ ನಂದಿಗೆ ಹೋಗಲು ಶುರು ಮಾಡಿದ್ದಾರೆ. ಇನ್ನೊಬ್ಬಳು ದೆಹಲಿಯಲ್ಲಿರುವ ಚಿಕ್ಕಪ್ಪನ ಮಗಳು. ಮನೆಯಿಂದ ಮೆಟ್ರೊ ಸ್ಟೇಷನ್ನಿಗೆ ದಿನಾ ಸೈಕಲ್ಲಲ್ಲೇ ಹೋಗುತ್ತಾಳೆ. ಮೂರನೆಯವನು ಮ್ಯೂನಿಕ್‌ನಲ್ಲಿ ಓದುತ್ತಿರುವ ಅಕ್ಕನ ಮಗ. ಮೂವರೂ ಜಾಸ್ತಿ ಖರ್ಚು ಮಾಡುವವರಲ್ಲ. ಪ್ರಶ್ನೆ ಒಂದೇ ಆದರೂ ನಾನು ಕೊಟ್ಟ ಉತ್ತರ ಮೂರು ಥರ. ಯಾಕೆ ಅಂತ ಹೇಳುತ್ತೇನೆ.

ದಪ್ಪ ನೋಡಿ ಕೊಳ್ಳಬೇಡಿ

ಅಂಗಡಿಯಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ. ಗ್ಲೌಸನ್ನು ಹಿಸುಕಿ ನೋಡುತ್ತೇವೆ. ದಪ್ಪಗಿದ್ದರೆ ಬೆಚ್ಚಗಿರುತ್ತದೆ ಅಂದುಕೊಳ್ಳುತ್ತೇವೆ. ಸೈಕಲ್ಲಿಗೆ ಈ ಲೆಕ್ಕ ಅರ್ಧ ಮಾತ್ರ ಸರಿ. ನಡೆಯುವವರಿಗೆ ಚಳಿ ಸುತ್ತಲೂ ಇರುತ್ತದೆ. ಸೈಕಲ್ ಹೊಡೆಯುವವರಿಗೆ ಅದು ಎದುರಿನಿಂದ ಬಂದು ಬಡಿಯುತ್ತದೆ. ಅದರಲ್ಲೂ ಕೈ ಎಲ್ಲಕ್ಕಿಂತ ಮುಂದೆ, ಹ್ಯಾಂಡಲ್ ಮೇಲೆ ಅಲ್ಲಾಡದೆ ಕೂತಿರುತ್ತದೆ. ಕಾಲಿಗಾದರೂ ತುಳಿಯುವ ಕೆಲಸ ಇದೆ, ಬೆರಳಿಗೆ ಅದೂ ಇಲ್ಲ.

ಗಾಳಿಯಿಂದ ಚಳಿ ಎಷ್ಟು ಹೆಚ್ಚುತ್ತದೆ ಅನ್ನುವುದಕ್ಕೆ ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಲ್ಲಿ ಒಂದು ಸೂತ್ರ ಜಾರಿಗೆ ತಂದವು. ಬರಿ ಚರ್ಮದ ಮೇಲೆ ಗಾಳಿ ಬೀಸಿದರೆ ಎಷ್ಟು ತಣ್ಣಗೆ ಅನ್ನಿಸುತ್ತದೆ ಅನ್ನುವ ಲೆಕ್ಕ ಅದು. ಅದರ ಪ್ರಕಾರ 10 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿದರೆ 6 ಡಿಗ್ರಿಯ ಹಾಗೆ ಅನ್ನಿಸುತ್ತದೆ. 5 ಡಿಗ್ರಿಯಲ್ಲಿ 20ರ ವೇಗದಲ್ಲಿ ಹೋದರೆ ಸುಮಾರು 1 ಡಿಗ್ರಿ. ಸೊನ್ನೆಯಲ್ಲಿ ಅದೇ 20ರ ವೇಗಕ್ಕೆ ಮೈನಸ್ 5. ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯದ್ದು. ಅಂದರೆ ಊರೊಳಗೆ 140 ವರ್ಷಕ್ಕೂ ಹೆಚ್ಚು ಕಾಲದಿಂದ ಕಾಣದ ಚಳಿಯನ್ನು ನಾವು ನಂದಿ ಇಳಿಯುತ್ತಾ ನಾವೇ ಮಾಡಿಕೊಳ್ಳುತ್ತೇವೆ.

ನಂದಿ 1478 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್‌ನಲ್ಲಿ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ಇಳಿಯುತ್ತದೆ ಅಂತ ಇಟ್ಟುಕೊಂಡರೆ, ಊರಲ್ಲಿ 15 ಇದ್ದ ಬೆಳಿಗ್ಗೆ ಬೆಟ್ಟದ ಮೇಲೆ 11–12 ಇರಬಹುದು. ಅದಕ್ಕೆ ಗಾಳಿ ಸೇರಿಸಿ.

ಆದ್ದರಿಂದ ಮೊದಲನೇ ಅಳತೆ ಗಾಳಿ ತಡೆಯುತ್ತದೆಯಾ ಅನ್ನುವುದು. ಇದನ್ನು ನೋಡಲು ಒಂದು ಸುಲಭದ ದಾರಿ ಇದೆ. ಗ್ಲೌಸಿನ ಬೆನ್ನನ್ನು, ಅಂದರೆ ಮುಂಗೈ ಮೇಲೆ ಬರುವ ಭಾಗವನ್ನು ತುಟಿಗೆ ಒತ್ತಿ ಜೋರಾಗಿ ಊದಿ. ಆ ಕಡೆ ಇಟ್ಟ ಅಂಗೈಗೆ ಉಸಿರು ತಾಗಿದರೆ ಗಾಳಿಯೂ ಹಾಗೇ ನುಗ್ಗುತ್ತದೆ. ಅಂಗಡಿಯವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ. ಇನ್ನೊಬ್ಬರು ಕೊಳ್ಳುವ ಮಾಲು ಅನ್ನುವ ಸಂಕೋಚ ಇದ್ದರೆ ಬಾಯಿಗೂ ಬಟ್ಟೆಗೂ ಎರಡು ಬೆರಳು ಅಂತರ ಇಟ್ಟು ಊದಿದರೂ ಗೊತ್ತಾಗುತ್ತದೆ.

ಎರಡನೆಯದು ಒದ್ದೆ. ಮಳೆ ಇಲ್ಲದ ಚಳಿಗಾಲದಲ್ಲಿ ಒದ್ದೆ ಎಲ್ಲಿಂದ ಅನ್ನಬೇಡಿ. ಹತ್ತುವಾಗ ನಿಮ್ಮ ಬೆವರೇ ಸಾಕು. ಚಿಕ್ಕಮಗಳೂರು, ಮಡಿಕೇರಿ ಕಡೆ ಬೆಳಗಿನ ಮಂಜಿನಲ್ಲಿ ಅರ್ಧ ಗಂಟೆ ಹೋದರೆ ಗ್ಲೌಸ್ ಹಿಂಡುವಷ್ಟು ಆಗುತ್ತದೆ. ಹತ್ತಿ ಬಟ್ಟೆ ನೀರು ಕುಡಿದರೆ ಬೇಗ ಒಣಗುವುದಿಲ್ಲ, ಕೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ.

ಮೂರನೆಯದು ಬ್ರೇಕ್. ನನ್ನ ಮಟ್ಟಿಗೆ ಇದೇ ದೊಡ್ಡದು. ಕೈ ಬೆಚ್ಚಗಿದ್ದು ಬ್ರೇಕ್ ಸಿಗದಿದ್ದರೆ ಏನು ಬಂತು? ಒಂದೆರಡು ಬೆರಳಲ್ಲಿ ಲಿವರ್ ಎಳೆಯುವ ಅಭ್ಯಾಸ ಇದ್ದವರಿಗೆ ದಪ್ಪ ಗ್ಲೌಸ್ ನಿಜಕ್ಕೂ ಅಪಾಯ. ಉಳಿದ ಬೆರಳುಗಳು ಲಿವರ್ ಮತ್ತು ಹ್ಯಾಂಡಲ್ ನಡುವೆ ಸಿಕ್ಕಿಕೊಂಡು ಲಿವರ್ ಪೂರ್ತಿ ಬರುವುದೇ ಇಲ್ಲ. ಇನ್ನು ರೋಡ್ ಬೈಕ್‌ನಲ್ಲಿ, ಅಂದರೆ ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲಿನಲ್ಲಿ, ಗೇರ್ ಬದಲಿಸುವ ಸಣ್ಣ ಲಿವರ್ ಬ್ರೇಕ್ ಲಿವರಿನ ಹಿಂದೆಯೇ ಇರುತ್ತದೆ. ಉಬ್ಬಿದ ಬೆರಳಿಗೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ.

ನಾಲ್ಕನೆಯದನ್ನು ಜನ ಚಳಿಯ ಜೊತೆ ಕಲಸಿಬಿಡುತ್ತಾರೆ. ಮರಗಟ್ಟುವುದು ಬೇರೆ, ಜೋಮು ಹಿಡಿಯುವುದು ಬೇರೆ. ಎಲ್ಲ ಬೆರಳಿನ ತುದಿಯೂ ತಣ್ಣಗಾಗಿ, ಬಿಳಿಚಿಕೊಂಡು, ನೋವಾದರೆ ಅದು ಚಳಿ. ಕಿರುಬೆರಳು ಮತ್ತು ಉಂಗುರ ಬೆರಳು ಮಾತ್ರ ಜುಂ ಅನ್ನುತ್ತಿದ್ದರೆ ಅದು ಅಂಗೈಯ ಹೊರ ಅಂಚಿನಲ್ಲಿ ಹೋಗುವ ನರದ ಮೇಲೆ ಬೀಳುತ್ತಿರುವ ಭಾರ. ಅದಕ್ಕೆ ಬೇಕಿರುವುದು ಬಿಸಿಯಲ್ಲ, ಅಂಗೈಯಲ್ಲಿ ಮೆತ್ತೆ. ಇಲ್ಲವೇ ಹ್ಯಾಂಡಲ್ ಎತ್ತರ ಸರಿ ಮಾಡಿಸುವುದು. ಈ ಜೋಮಿಗೆ ಎರಡು ಸಾವಿರದ ಚಳಿ ಗ್ಲೌಸ್ ಕೊಂಡು, ಅದೂ ಸರಿಯಿಲ್ಲ ಅಂತ ಬೈಯುವವರನ್ನು ನೋಡಿದ್ದೇನೆ.

ಕೊನೆಯದು ಅಳತೆ. ಬಿಗಿ ಗ್ಲೌಸ್ ಎಷ್ಟೇ ಒಳ್ಳೆಯದಿದ್ದರೂ ತಣ್ಣಗಿರುತ್ತದೆ. ರಕ್ತ ಓಡಾಟ ಕಡಿಮೆಯಾಗುತ್ತದೆ, ಬಿಸಿ ಹಿಡಿದಿಡುವ ಗಾಳಿಯ ಪದರಕ್ಕೂ ಜಾಗ ಇರುವುದಿಲ್ಲ. ಬೆರಳು ಚಾಚಿ ನೋಡಬೇಡಿ, ಹ್ಯಾಂಡಲ್ ಹಿಡಿದಂತೆ ಮುಷ್ಟಿ ಮಾಡಿ ನೋಡಿ. ಆಗ ಬೆರಳ ತುದಿ ಬಟ್ಟೆಗೆ ಒತ್ತಿದರೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಹಾಗೇ ಕೈ ಮುಂದೆ ಚಾಚಿದಾಗ ಮಣಿಕಟ್ಟು ಬರಿದಾಗುತ್ತದಾ ಅಂತಲೂ ನೋಡಿ. ಜಾಕೆಟ್ ತೋಳಿಗೂ ಗ್ಲೌಸಿಗೂ ನಡುವಿನ ಆ ಎರಡು ಅಂಗುಲದಲ್ಲೇ ಗಾಳಿ ಒಳಗೆ ಹೋಗುವುದು.

ಇಷ್ಟರ ಮೇಲೆ ಬೆಲೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನಮ್ಮ ಕಡೆ ಚಳಿಗಾಲ ಅಂದರೆ ಮೂರು ತಿಂಗಳು. ವಾರಕ್ಕೊಮ್ಮೆ ಹೋಗುವವರಿಗೆ ಹತ್ತು ಹನ್ನೆರಡು ಬೆಳಗು. ಅಷ್ಟಕ್ಕೆ ನಾಲ್ಕು ಸಾವಿರ ಕೊಡುವುದು ನನಗೆ ಒಪ್ಪಿಗೆಯಲ್ಲ. ಮುಂದೆ ಬರುವ ಬೆಲೆಗಳು ನಾನು ಕೊಟ್ಟದ್ದು, ಅಂಗಡಿಯಲ್ಲಿ ಕಂಡದ್ದು. ನಿಮ್ಮೂರಲ್ಲಿ ಐವತ್ತು ನೂರು ಹೆಚ್ಚು ಕಡಿಮೆ ಇರುತ್ತದೆ.

ರಸ್ತೆ ಬದಿಯ ಉಣ್ಣೆ ಗ್ಲೌಸ್

ಚಳಿ ಬಂದರೆ ನಮ್ಮ ಊರುಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಬೈಲಕುಪ್ಪೆ, ಮುಂಡಗೋಡದಿಂದ ಬಂದವರೂ ಇರುತ್ತಾರೆ, ಮಾಲು ಹೆಚ್ಚಾಗಿ ಲೂಧಿಯಾನದ್ದು. ಅಲ್ಲಿ ನೂರೈವತ್ತು, ಇನ್ನೂರಕ್ಕೆ ಹೆಣೆದ ಗ್ಲೌಸ್ ಸಿಗುತ್ತದೆ. ಉಣ್ಣೆ ಅಂದರೂ ಬಹಳಷ್ಟು ಅಕ್ರಿಲಿಕ್ಕೇ.

ಕೈಗೆ ಹಾಕಿಕೊಂಡರೆ ಹಿತವಾಗಿರುತ್ತದೆ. ನಿಂತು ಮಾತಾಡುವಾಗ, ವಾಕಿಂಗ್ ಹೋಗುವಾಗ ಚೆನ್ನ. ಸೈಕಲ್ ಮೇಲೆ ಎರಡು ತೊಂದರೆ. ಹೆಣಿಗೆಯ ಕಣ್ಣುಗಳಿಂದ ಗಾಳಿ ಸಲೀಸಾಗಿ ಒಳಗೆ ಬರುತ್ತದೆ, ಮತ್ತೆ ಹ್ಯಾಂಡಲ್ ಮೇಲೆ ಜಾರುತ್ತದೆ. ರಬ್ಬರ್ ಗ್ರಿಪ್ ಇದ್ದರೆ ಪರವಾಗಿಲ್ಲ, ನುಣುಪು ಟೇಪ್ ಸುತ್ತಿದ ಹ್ಯಾಂಡಲ್ ಆದರೆ ಬೇಡವೇ ಬೇಡ. ಆದರೂ ಇದನ್ನು ಬಿಸಾಕಬೇಡಿ. ಯಾವುದಾದರೂ ಗಾಳಿ ತಡೆಯುವ ಗ್ಲೌಸಿನ ಒಳಗೆ ಹಾಕಿಕೊಂಡರೆ ಇದರ ಕೆಲಸವೇ ಬೇರೆ. ನಿಧಾನವಾಗಿ ಹೋಗುವವರು, ಹಾಲು ತರಲು ಹೋಗುವವರು, ಶಾಲೆಗೆ ಹೋಗುವ ಮಕ್ಕಳು, ಇವರಿಗೆಲ್ಲ ಇಷ್ಟೇ ಸಾಕು.

ಹಾರ್ಡ್‌ವೇರ್ ಅಂಗಡಿಯ ಗ್ಲೌಸ್

ನಮ್ಮ ಬೀದಿಗೆ ಬೆಳಿಗ್ಗೆ ಐದಕ್ಕೆ ಪೇಪರ್ ಹಾಕುವ ಹುಡುಗನಿಂದ ಇದನ್ನು ಕಲಿತೆ. ತಲೆಗೆ ಮಂಕಿ ಕ್ಯಾಪ್, ಕೈಗೆ ಗೋಡೌನಿನಲ್ಲಿ ಮಾಲು ಎತ್ತುವವರು ಹಾಕುವ ಗ್ಲೌಸ್. ಮೇಲೆ ನೂಲಿನದು, ಅಂಗೈಗೆ ರಬ್ಬರ್ ಅದ್ದಿದ್ದು. ಎಂಬತ್ತು, ನೂರು ರೂಪಾಯಿ. "ಪೇಪರ್ ಜಾರಲ್ಲ ಅಣ್ಣ, ಮಸಿನೂ ಹತ್ತಲ್ಲ" ಅಂದ.

ಹಿಡಿತದಲ್ಲಿ ಇದನ್ನು ಮೀರಿಸುವುದು ಕಷ್ಟ. ಒದ್ದೆ ಹ್ಯಾಂಡಲ್ ಆದರೂ ಅಂಟಿಕೊಂಡ ಹಾಗೆ ಕೂರುತ್ತದೆ. ಆದರೆ ಬೆನ್ನಿನ ಕಡೆ ರಬ್ಬರ್ ಇಲ್ಲದ್ದರಿಂದ ಗಾಳಿ ಅಲ್ಲಿಂದಲೇ ಬರುತ್ತದೆ. ಪೂರ್ತಿ ಕೈಗೂ ರಬ್ಬರ್ ಅದ್ದಿ, ಒಳಗೆ ಬ್ರಷ್ ಮಾಡಿದ ದಪ್ಪ ಅಸ್ತರು ಇರುವ ಜಾತಿಯೂ ಇದೆ. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವರಿಗೆ ಅಂತ ಮಾಡಿದ್ದು. ಮುನ್ನೂರು, ನಾನೂರರ ಒಳಗೆ ಸಿಗುತ್ತದೆ. ಅದರ ಮೇಲೆ ಇಎನ್ 511 ಅನ್ನುವ ಮುದ್ರೆ ಮತ್ತು ಮೂರು ಅಂಕಿ ಇದೆಯಾ ನೋಡಿ. ಅದು ಯುರೋಪಿನ ಚಳಿ ಗ್ಲೌಸಿನ ಮಾನದಂಡ. ಮೊದಲ ಅಂಕಿ ಸುತ್ತಲಿನ ತಣ್ಣನೆ ಗಾಳಿಗೆ, ಎರಡನೆಯದು ತಣ್ಣನೆ ವಸ್ತು ಮುಟ್ಟುವುದಕ್ಕೆ, ಎರಡೂ 4ರವರೆಗೆ ಹೋಗುತ್ತವೆ. ಮೂರನೆಯದು ನೀರು ತಡೆಯುತ್ತದೆಯಾ ಅಂತ, ಅದು 0 ಅಥವಾ 1. ಸಾವಿರಾರು ರೂಪಾಯಿಯ ಎಷ್ಟೋ ಸೈಕಲ್ ಗ್ಲೌಸಿನ ಮೇಲೆ ಬರಿ "ವಾರ್ಮ್" ಅಂತ ಬರೆದಿರುತ್ತದೆ, ಇಲ್ಲಿ ಅಂಕಿಯೇ ಇದೆ. ನನಗೆ ಇದು ತಮಾಷೆ ಅನ್ನಿಸುತ್ತದೆ.

ತೊಂದರೆ ಬೆವರು. ರಬ್ಬರ್ ಒಳಗೆ ಉಸಿರಾಡುವುದಿಲ್ಲ. ಅರ್ಧ ಗಂಟೆಯ ಸಪಾಟು ದಾರಿಗೆ ಸರಿ, ನಂದಿ ಹತ್ತಲು ಹಾಕಿಕೊಂಡರೆ ಕೈ ಬೇಯುತ್ತದೆ. ನೋಡಲೂ ಚೆಂದವಿಲ್ಲ, ಆದರೆ ಬೆಳಿಗ್ಗೆ ಐದೂವರೆಗೆ ಯಾರು ನೋಡುತ್ತಾರೆ?

ಬೈಕಿನ ಗ್ಲೌಸ್

ಮನೆಯಲ್ಲಿ ಮೋಟಾರ್ ಬೈಕ್ ಇದ್ದವರೆಲ್ಲ ಮೊದಲು ಎತ್ತಿಕೊಳ್ಳುವುದು ಇದನ್ನೇ. ನಾನೂ ಎತ್ತಿಕೊಂಡಿದ್ದೆ. ಎಂಟುನೂರರಿಂದ ಒಂದೂವರೆ ಸಾವಿರದ ಗ್ಲೌಸ್‌ಗಳು ಗಾಳಿಯನ್ನು ಚೆನ್ನಾಗಿ ತಡೆಯುತ್ತವೆ. ಬಿದ್ದರೆ ಗಿಣ್ಣಿಗೆ ರಕ್ಷಣೆಯೂ ಉಂಟು. ಆದರೆ ಬೇಸಿಗೆಗೆ ಅಂತ ಜಾಲರಿ ಬಟ್ಟೆಯಲ್ಲಿ ಮಾಡಿದ ಬೈಕ್ ಗ್ಲೌಸೂ ಇವೆ, ಊದಿ ನೋಡದೆ ಕೊಳ್ಳಬೇಡಿ.

ಇದರ ನಿಜವಾದ ಸಮಸ್ಯೆ ಬಗ್ಗುವುದಿಲ್ಲ. ಗಿಣ್ಣಿನ ಮೇಲಿನ ಗಟ್ಟಿ ಪ್ಲಾಸ್ಟಿಕ್, ಅಂಗೈಯ ಎರಡು ಪದರದ ಚರ್ಮ, ಒಂದು ಗಂಟೆಯಲ್ಲಿ ಕೈ ಸೋಲುತ್ತದೆ. ನನಗಂತೂ ಎಡಗೈಯ ಗೇರ್ ತಪ್ಪಿ ಎರಡು ಸಲ ಚೈನ್ ಬಿತ್ತು. ಊರೊಳಗೆ ಐದಾರು ಕಿಲೋಮೀಟರ್ ಆಫೀಸಿಗೆ ಹೋಗುವವರು, ನೇರ ಹ್ಯಾಂಡಲ್ಲಿನ ಸೈಕಲ್ ಇರುವವರು ಇದ್ದದ್ದನ್ನೇ ಬಳಸಿ. ಹೊಸದಾಗಿ ಇದಕ್ಕೆ ಅಂತ ಕೊಳ್ಳಬೇಡಿ.

ಲೈನರ್ ಮತ್ತು ಪೂರ್ತಿ ಬೆರಳಿನ ಸೈಕಲ್ ಗ್ಲೌಸ್: ನನ್ನ ಜೋಡಿ

ಲೈನರ್ ಅಂದರೆ ಒಳಗೆ ಹಾಕುವ ತೆಳು ಗ್ಲೌಸ್. ಚಾರಣಕ್ಕೆ, ಓಡುವುದಕ್ಕೆ ಅಂತ ಡೆಕಾತ್ಲಾನ್‌ನಂಥ ಅಂಗಡಿಗಳಲ್ಲಿ ಇನ್ನೂರೈವತ್ತರಿಂದ ನಾನೂರಕ್ಕೆ ಸಿಗುತ್ತದೆ. ಅದೊಂದನ್ನೇ ಹಾಕಿದರೆ 15–16 ಡಿಗ್ರಿಯ ಬೆಂಗಳೂರಿನ ಬೆಳಗಿಗೆ ಸಾಕು, ಇಳಿಜಾರಿಗೆ ಸಾಲದು.

ಪೂರ್ತಿ ಬೆರಳಿನ ಸೈಕಲ್ ಗ್ಲೌಸ್ ಅಂದರೆ ಬೆರಳು ಮುಚ್ಚುವ, ಅಂಗೈಯಲ್ಲಿ ಮೆತ್ತೆ ಇರುವ, ಚಳಿಗೆ ಅಂತ ಅಲ್ಲದ ಮಾಮೂಲಿ ಗ್ಲೌಸ್. ಆರುನೂರರಿಂದ ಸಾವಿರ. ಬ್ರೇಕ್, ಗೇರ್, ಜೋಮು, ಮೂರಕ್ಕೂ ಇದು ಹೇಳಿ ಮಾಡಿಸಿದ್ದು. ಹೆಬ್ಬೆರಳಿನ ಮೇಲೆ ಟವೆಲ್ ಬಟ್ಟೆಯ ತುಂಡೊಂದು ಇರುತ್ತದೆ. ಅದು ಯಾಕೆ ಅಂತ ಚಳಿಯಲ್ಲಿ ಮೂಗು ಸುರಿಯುವಾಗ ತಾನೇ ಗೊತ್ತಾಗುತ್ತದೆ.

ಇವೆರಡನ್ನೂ ಸೇರಿಸಿದರೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಮೇಲಿನದ್ದನ್ನು ಒಂದು ಸೈಜ್ ದೊಡ್ಡದು ತಗೊಳ್ಳಿ, ಬೆನ್ನಿಗೆ ಜಾಲರಿ ಇಲ್ಲದ್ದನ್ನು ಆರಿಸಿ. ಈಗ ಮುಖ್ಯ ವಿಷಯ. ಲೈನರನ್ನು ಮನೆಯಿಂದಲೇ ಹಾಕಿಕೊಂಡು ಹೊರಡಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೆನ್ನ ಜೇಬಿನಲ್ಲಿಡಿ. ಹತ್ತುವಾಗ ಮೇಲಿನ ಗ್ಲೌಸ್ ಮಾತ್ರ. ಬೆಟ್ಟದ ಮೇಲೆ ಕೈ ಒರೆಸಿಕೊಂಡು, ಒಣಗಿದ ಲೈನರ್ ಹಾಕಿ, ಅದರ ಮೇಲೆ ಗ್ಲೌಸ್ ಹಾಕಿ ಇಳಿಯಿರಿ. ಒಂದೇ ದಪ್ಪ ಗ್ಲೌಸ್ ಇದ್ದವರು ಹತ್ತುವಾಗಲೇ ಅದನ್ನು ಬೆವರಿನಲ್ಲಿ ನೆನೆಸಿ, ಇಳಿಯುವಾಗ ಒದ್ದೆ ಬಟ್ಟೆ ಸುತ್ತಿಕೊಂಡು ಗಾಳಿಗೆ ಕೈ ಕೊಡುತ್ತಾರೆ. ಎರಡು ಸಾವಿರದ ಗ್ಲೌಸ್ ಹಾಕಿದ ಗೆಳೆಯರು ನನ್ನ ಪಕ್ಕ ನಡುಗುತ್ತಾ ಇಳಿದದ್ದು ಇದಕ್ಕೇ.

ಇದರ ಮೇಲೂ ಚಳಿ ಅನ್ನುವವರಿಗೆ ಒಂದು ಉಪಾಯ. ಮೆಡಿಕಲ್ ಶಾಪಿನಲ್ಲಿ ಸಿಗುವ ತೆಳು ನೈಟ್ರೈಲ್ ಗ್ಲೌಸನ್ನು ಲೈನರ್ ಮತ್ತು ಮೇಲಿನ ಗ್ಲೌಸಿನ ನಡುವೆ ಹಾಕಿಕೊಳ್ಳಿ. ಹತ್ತು ಹದಿನೈದು ರೂಪಾಯಿಯ ಮಾತು, ಗಾಳಿ ಒಂಚೂರೂ ಬರುವುದಿಲ್ಲ. ಇಳಿದ ಮೇಲೆ ಬಿಚ್ಚಿಬಿಡಿ, ಇಲ್ಲದಿದ್ದರೆ ಬೆವರು ಒಳಗೇ ನಿಲ್ಲುತ್ತದೆ. ಬಿಆರ್‌ಎಂ ಅನ್ನುವ ದೂರದ ಸೈಕಲ್ ಸವಾರಿ ಮಾಡುವವರು, ಅಂದರೆ 300 ಕಿಲೋಮೀಟರನ್ನು 20 ಗಂಟೆಯೊಳಗೆ, 400ನ್ನು 27 ಗಂಟೆಯೊಳಗೆ ಮುಗಿಸಲು ರಾತ್ರಿಯೆಲ್ಲ ತುಳಿಯುವವರು, ಇದನ್ನು ಚೀಲದಲ್ಲಿ ಇಟ್ಟುಕೊಂಡರೆ ಒಳ್ಳೆಯದು. ದಾರಿಯಲ್ಲಿ ಚೈನ್ ಬಿದ್ದರೆ ಕೈ ಕೊಳೆಯಾಗದ ಹಾಗೆ ಹಾಕಲೂ ಆಗುತ್ತದೆ.

ಚಳಿಗೆ ಅಂತಲೇ ಮಾಡಿದ ಸೈಕಲ್ ಗ್ಲೌಸ್

ಒಂದೂವರೆ ಸಾವಿರದಿಂದ ಶುರು, ಮೇಲಕ್ಕೆ ಕೊನೆಯಿಲ್ಲ. ಹೊರಗೆ ಗಾಳಿ ತಡೆಯುವ ಪದರ, ಒಳಗೆ ಫ್ಲೀಸ್ ಅನ್ನುವ ಮೆತ್ತನೆ ಬಟ್ಟೆ, ಅಂಗೈಗೆ ಮೆತ್ತೆ, ಉದ್ದ ಮಣಿಕಟ್ಟು, ಕತ್ತಲಲ್ಲಿ ಹೊಳೆಯುವ ಪಟ್ಟಿ. ಈ ಪಟ್ಟಿಯನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ, ಕತ್ತಲಲ್ಲಿ ಬಲಕ್ಕೆ ತಿರುಗಲು ಕೈ ಚಾಚಿದಾಗ ಹಿಂದಿನ ವಾಹನಕ್ಕೆ ಕಾಣುವುದು ಅದೇ.

5 ಡಿಗ್ರಿಯ ಸುತ್ತಮುತ್ತ ದಿನಾ ಓಡಾಡುವವರಿಗೆ ಇದಕ್ಕೆ ದುಡ್ಡು ಹಾಕುವುದು ನ್ಯಾಯ. ಬೆಂಗಳೂರಿಗೆ ಜಾಸ್ತಿಯಾಯಿತು. ಏಳೂವರೆಗೆ ಬಿಸಿಲು ಬಂದ ಮೇಲೆ ದೇವನಹಳ್ಳಿಯಿಂದ ಹೆಬ್ಬಾಳದ ತನಕ ಅದನ್ನು ಎಲ್ಲಿಡುವುದು ಅನ್ನುವುದೇ ತಲೆನೋವು. ಬೆನ್ನ ಜೇಬಿಗೂ ಹಿಡಿಸುವುದಿಲ್ಲ. "ವಾಟರ್‌ಪ್ರೂಫ್" ಅಂತ ಬರೆದದ್ದಕ್ಕೆ ಐನೂರು ಹೆಚ್ಚು ಕೊಡುವ ಮುಂಚೆ ನಿಮ್ಮೂರಲ್ಲಿ ಚಳಿಗಾಲದ ಮಳೆ ಇದೆಯಾ ಯೋಚಿಸಿ. ಕೊಂಡದ್ದೇ ಆದರೆ ತಣ್ಣೀರಿನಲ್ಲಿ, ಸೌಮ್ಯ ಸೋಪಿನಲ್ಲಿ ಒಗೆಯಿರಿ. ಹೀಟರ್ ಮೇಲೆ ಒಣಗಿಸಿದರೆ ಪದರ ಬಿಟ್ಟುಕೊಳ್ಳುತ್ತದೆ.

ಸ್ಕೀ ಆಡುವವರ ಗ್ಲೌಸ್ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುವವರಿದ್ದಾರೆ. ಬಿಸಿಗೆ ಎರಡು ಮಾತಿಲ್ಲ. ಬ್ರೇಕ್ ವಿಷಯ ಮೇಲೆ ಹೇಳಿದೆ.

ಸೊನ್ನೆಗಿಂತ ಕೆಳಗೆ

ಅಲ್ಲಿ ಆಟವೇ ಬೇರೆ. 1980ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಲೀಜ್–ಬಾಸ್ಟೋನ್–ಲೀಜ್ ರೇಸ್ ಹಿಮ ಬೀಳುವಾಗಲೇ ನಡೆಯಿತು. ಹೊರಟ 174 ಜನರಲ್ಲಿ ಕೊನೆ ಮುಟ್ಟಿದವರು 21. ಫ್ರಾನ್ಸಿನ ಬರ್ನಾರ್ಡ್ ಈನೊ ಒಂಬತ್ತು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಆದರೆ ಅವರ ಎರಡು ಬೆರಳಿಗೆ ಸ್ಪರ್ಶ ಪೂರ್ತಿ ವಾಪಸ್ ಬರಲೇ ಇಲ್ಲ. ಅಂಥ ಚಳಿಯಲ್ಲಿ ಸ್ವಲ್ಪ ತಡೆದುಕೊಂಡರಾಯಿತು ಅನ್ನುವ ಮಾತು ನಡೆಯುವುದಿಲ್ಲ.

ಸೊನ್ನೆಯ ಕೆಳಗೆ ಬೆರಳುಗಳನ್ನು ಬೇರೆ ಬೇರೆ ಇಡುವುದೇ ತಪ್ಪು. ಒಟ್ಟಿಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ. ಅದಕ್ಕೆ ಲಾಬ್‌ಸ್ಟರ್ ಗ್ಲೌಸ್ ಅಂತ ಇದೆ. ಎರಡೆರಡು ಬೆರಳು ಒಂದೊಂದು ಗೂಡಿನಲ್ಲಿ, ನೋಡಲು ಏಡಿಯ ಕೊಂಬಿನ ಹಾಗೆ. ಬ್ರೇಕಿಗೂ ಬರುತ್ತದೆ. ಅದಕ್ಕಿಂತ ಅಗ್ಗ ಮತ್ತು ನನ್ನ ಪ್ರಕಾರ ಅದಕ್ಕಿಂತ ಜಾಣತನದ್ದು ಹ್ಯಾಂಡಲ್‌ಗೇ ಹಾಕುವ ಕವರ್. ಬ್ರೇಕ್ ಲಿವರೂ ಸೇರಿ ಹ್ಯಾಂಡಲ್ ತುದಿಗೆ ಚೀಲದ ಹಾಗೆ ಕಟ್ಟಿಬಿಡುವುದು, ಕೈಯನ್ನು ಅದರೊಳಗೆ ತೂರಿಸುವುದು. ಒಳಗೆ ತೆಳು ಲೈನರ್ ಹಾಕಿದರೆ ಸಾಕು, ಬೆರಳಿಗೆ ಬ್ರೇಕ್ ಚೆನ್ನಾಗಿ ಸಿಗುತ್ತದೆ. ಉತ್ತರ ಭಾರತದಲ್ಲಿ ಸ್ಕೂಟರ್, ಬೈಕಿಗೆ ಇದೇ ಥರದ್ದು ಮಾರುತ್ತಾರೆ. ಅದನ್ನೇ ನೇರ ಹ್ಯಾಂಡಲ್ಲಿನ ಸೈಕಲ್ಲಿಗೆ ಕಟ್ಟಿಕೊಳ್ಳಬಹುದು. ಒಂದು ಎಚ್ಚರ ಬೇಕು. ಬೀಳುವಾಗ ಕೈ ತಟ್ಟನೆ ಹೊರಗೆ ಬರುತ್ತದಾ ಅಂತ ಮನೆ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿ.

ಹಾಗಾದರೆ ನಿಮಗೆ ಯಾವುದು?

ಆಫೀಸಿನವರಿಗೆ ನಾನು ಹೇಳಿದ್ದು ಲೈನರ್ ಮತ್ತು ಸೈಕಲ್ ಗ್ಲೌಸ್ ಜೋಡಿ. ಅವರ ಹತ್ತಿರ ಅರ್ಧ ಬೆರಳಿನ ಬೇಸಿಗೆ ಗ್ಲೌಸ್ ಆಗಲೇ ಇತ್ತು. ಮೊದಲ ತಿಂಗಳು ಹೊಸ ಸೈಕಲ್ ಗ್ಲೌಸ್ ಕೊಳ್ಳಬೇಡಿ, ಮುನ್ನೂರರ ಲೈನರ್ ತಂದು ಅದರ ಮೇಲೆ ಈ ಅರ್ಧ ಬೆರಳಿನದನ್ನೇ ಹಾಕಿ ನೋಡಿ ಅಂದೆ. ಬೆರಳ ತುದಿಗೆ ಸ್ವಲ್ಪ ಚಳಿಯಾಯಿತಂತೆ, ಆದರೂ ಕೆಳಗೆ ಬಂದು ಕ್ಲಿಪ್ ತಾವೇ ಬಿಚ್ಚಿಕೊಂಡರಂತೆ. ಬಜೆಟ್ ಐನೂರರ ಒಳಗೆ ಇದ್ದವರು ಹೀಗೇ ಮಾಡಿ. ಬೀದರ್, ವಿಜಯಪುರದ ಕಡೆ ನಮಗಿಂತ ನಾಲ್ಕೈದು ಡಿಗ್ರಿ ಕೆಳಗೆ ಹೋಗುವ ಬೆಳಗುಗಳಿರುತ್ತವೆ. ಅಲ್ಲಿಯವರು ಪೂರ್ತಿ ಬೆರಳಿನದಕ್ಕೇ ಹೋಗಿ, ಒಳಗೆ ಉಣ್ಣೆಯದು ಹಾಕಿ.

ದೆಹಲಿಯ ತಂಗಿಗೆ ಗ್ಲೌಸಿಗಿಂತ ಮೊದಲು ಮಾಸ್ಕ್ ಅಂತ ರೇಗಿಸಿದೆ. ಅವಳದು ಇಪ್ಪತ್ತು ನಿಮಿಷದ ಸಪಾಟು ದಾರಿ. ಬೆವರಿಲ್ಲ, ಇಳಿಜಾರಿಲ್ಲ, ಆದರೆ ಡಿಸೆಂಬರ್ ಕೊನೆಯಿಂದ ಮಂಜು ಕವಿದು ಐದಾರು ಡಿಗ್ರಿ ಇರುತ್ತದೆ. ಅದೂ ದಿನಾ. ಬೆಟ್ಟಕ್ಕೆ ಬೇಡ ಅಂದ ರಬ್ಬರ್ ಗ್ಲೌಸ್ ಇಲ್ಲಿ ಗೆಲ್ಲುತ್ತದೆ. ಅಸ್ತರು ಇರುವ, ಪೂರ್ತಿ ರಬ್ಬರ್ ಅದ್ದಿದ ಜಾತಿ. ಅವಳು ಫೋಟೊ ನೋಡಿ, "ಇದನ್ನು ಹಾಕ್ಕೊಂಡು ಮೆಟ್ರೊ ಹತ್ತಬೇಕಾ ಅಣ್ಣ?" ಅಂದಳು. ಸರಿ, ಹಾಗಿದ್ದರೆ ಒಂದೂವರೆ ಸಾವಿರದ ಚಳಿ ಸೈಕಲ್ ಗ್ಲೌಸ್ ತಗೋ, ವಾರಕ್ಕೆ ಆರು ದಿನ ಬಳಸುವವರಿಗೆ ದುಬಾರಿಯಲ್ಲ ಅಂದೆ. ಅದನ್ನೇ ಕೊಂಡಳು. ಚೆಂದವೂ ಒಂದು ಅಳತೆ ಅಂತ ನಾನು ಮೊದಲೇ ಬರೆದುಕೊಳ್ಳಬೇಕಿತ್ತು.

ಮ್ಯೂನಿಕ್‌ನ ಹುಡುಗನಿಗೆ ಇಲ್ಲಿಂದ ಏನೂ ಕೊಂಡೊಯ್ಯಬೇಡ ಅಂದೆ. ಅಲ್ಲಿ ಸೊನ್ನೆಯ ಸುತ್ತ ಚಳಿ, ಅರ್ಧ ಕರಗಿದ ಹಿಮ, ಮೇಲಿಂದ ಹನಿ. ಒದ್ದೆಯೇ ಅವನ ದೊಡ್ಡ ಶತ್ರು. ನೀರು ತಡೆಯುವ ಗ್ಲೌಸ್ ಅವನಿಗೆ ನಿಜಕ್ಕೂ ಬೇಕು. ಹಳೇ ನೇರ ಹ್ಯಾಂಡಲ್ಲಿನ ಸೈಕಲ್ ಆದ್ದರಿಂದ ಹ್ಯಾಂಡಲ್ ಕವರ್ ಹುಡುಕು ಅಂದೆ. ಅದೂ ಸಿಗದಿದ್ದರೆ ಎರಡು ಜೊತೆ ಸಾಧಾರಣ ಗ್ಲೌಸ್ ಇಟ್ಟುಕೋ, ಹೋಗುವಾಗ ಒಂದು, ವಾಪಸ್ ಬರುವಾಗ ಒಣಗಿದ ಇನ್ನೊಂದು. ಒಂದು ದುಬಾರಿ ಒದ್ದೆ ಗ್ಲೌಸಿಗಿಂತ ಎರಡು ಅಗ್ಗದ ಒಣ ಗ್ಲೌಸ್ ವಾಸಿ.

ಯಾವ ಗ್ಲೌಸ್ ಹಾಕಿದರೂ ಎದೆಗೆ ಗಾಳಿ ಹೊಡೆಯುತ್ತಿದ್ದರೆ ಬೆರಳು ತಣ್ಣಗೇ ಇರುತ್ತದೆ. ಮೈ ಒಳಗಿನ ಬಿಸಿ ಕಡಿಮೆಯಾದರೆ ದೇಹ ಮೊದಲು ಕೈಕಾಲಿನ ತುದಿಗೆ ರಕ್ತ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಹಳೇ ಪೇಪರಿನ ಎರಡು ಹಾಳೆ ಮಡಚಿ ಜಾಕೆಟ್ ಒಳಗೆ ಎದೆಗೆ ಇಟ್ಟುಕೊಂಡು ಇಳಿಯಿರಿ. ಖರ್ಚಿಲ್ಲದ ಈ ಕೆಲಸ ಎಷ್ಟೋ ಗ್ಲೌಸಿಗಿಂತ ಜಾಸ್ತಿ ಉಪಕಾರ ಮಾಡುತ್ತದೆ. ಸಣ್ಣ ಚಳಿಗೇ ಬೆರಳು ಸುಣ್ಣದ ಹಾಗೆ ಬಿಳಿಚಿಕೊಳ್ಳುವವರು, ಸಕ್ಕರೆ ಕಾಯಿಲೆಯಿಂದ ಬೆರಳಿಗೆ ಸ್ಪರ್ಶ ಕಡಿಮೆಯಾದವರು ಗ್ಲೌಸ್ ಅಂಗಡಿಗೆ ಹೋಗುವ ಮುಂಚೆ ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದೇ ಮಾತು. ಲೈನರ್ ಕೊಳ್ಳುವಾಗ ಒಂದೇ ಬಣ್ಣದ, ಒಂದೇ ಅಳತೆಯ ಎರಡು ಜೊತೆ ತಗೊಳ್ಳಿ. ಟೀ ಅಂಗಡಿಯಲ್ಲಿ ದುಡ್ಡು ಕೊಡಲು ಬಲಗೈಯದ್ದು ಬಿಚ್ಚುತ್ತೇವೆ, ಬೆಂಚಿನ ಮೇಲೆ ಇಡುತ್ತೇವೆ, ಹೊರಡುತ್ತೇವೆ. ನನ್ನ ಹತ್ತಿರ ಈಗ ಕಪ್ಪು ಒಂದು, ಬೂದು ಒಂದು, ನೀಲಿ ಒಂದು, ಮೂರು ಎಡಗೈ ಇವೆ.